ಎಕ್ಸ್‌ಟೆಂಡ್, ಸ್ಪ್ರೆಡ್, ಎಕ್ಸ್‌ಪ್ಯಾಂಡ್: ಮೂರಕ್ಕೂ ‘ಹರಡು’ ಎಂದೇ ಕಲಿತವರ ಉತ್ತರವನ್ನು ತಿದ್ದುವುದು ಹೇಗೆ?

ಪ್ರಶ್ನೆ ಕೇಳಿದವರು: ಗಂಗಾವತಿ ಇಂಗ್ಲಿಷ್ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಸಮೀಪದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪಠ್ಯದ ಹೊರಗಿನ ಅಭ್ಯಾಸವಾಗಲಿ ಎಂದು ಕಳೆದ ವಾರ ನಮ್ಮ ಸೀಮೆಯ ಬಗ್ಗೆಯೇ ಐದು ಕನ್ನಡ ವಾಕ್ಯಗಳನ್ನು ಕೊಟ್ಟು ಅವನ್ನು ಇಂಗ್ಲಿಷಿಗೆ ತರಲು ಹೇಳಿದ್ದೆ. ‘ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ದೂರ ರಾಯಚೂರು ಜಿಲ್ಲೆಯವರೆಗೆ ಚಾಚಿಕೊಂಡಿದೆ’, ‘ಬಳ್ಳಾರಿ ಜಾಲಿ ಬೀಳು ಹೊಲಗಳಿಗೆಲ್ಲ ಹಬ್ಬಿದೆ’, ‘ರೈತರು ರಸ್ತೆಯ ಮೇಲೆ ನೆಲ್ಲು ಹರವಿದ್ದಾರೆ’, ‘ಬೇಸಿಗೆಯಲ್ಲಿ ಬಂಡೆಗಳು ರಾತ್ರಿಯೂ ಝಳ ಸೂಸುತ್ತವೆ’, ‘ಲಾಠಿ ಕಂಡೊಡನೆ ಗುಂಪು ಚದುರಿತು’ ಎಂಬವು ಆ ಐದು ವಾಕ್ಯಗಳು.

ಚಾಚು, ಹಬ್ಬು, ಹರವು, ಸೂಸು, ಚದುರು ಎಂದು ಐದು ಬೇರೆ ಬೇರೆ ಕ್ರಿಯಾಪದಗಳನ್ನು ನಾನು ಬೇಕೆಂದೇ ಆರಿಸಿದ್ದೆ. ಬಂದ ಉತ್ತರಗಳಲ್ಲಿ ಮಾತ್ರ ಸ್ಪ್ರೆಡ್, ಎಕ್ಸ್‌ಟೆಂಡ್, ಎಕ್ಸ್‌ಪ್ಯಾಂಡ್ ಎಂಬ ಮೂರೇ ಪದಗಳು ಸ್ಥಾನ ಬದಲಿಸಿಕೊಂಡು ಕುಳಿತಿದ್ದವು. ಕಾಲುವೆ ‘ಈಸ್ ಸ್ಪ್ರೆಡಿಂಗ್’ ಆಗಿತ್ತು, ಜಾಲಿ ‘ಎಕ್ಸ್‌ಟೆಂಡೆಡ್’ ಆಗಿತ್ತು, ರೈತರು ರಸ್ತೆಯ ಮೇಲೆ ನೆಲ್ಲನ್ನು ‘ಎಕ್ಸ್‌ಪ್ಯಾಂಡ್’ ಮಾಡಿದ್ದರು. ನೆಲ್ಲು ಹಾಗೆ ತಾನಾಗಿ ಹಿಗ್ಗುವಂತಿದ್ದರೆ ನಮ್ಮ ಕಡೆಯ ರೈತರಿಗೆ ಚಿಂತೆಯೇ ಇರುತ್ತಿರಲಿಲ್ಲ ಎಂದುಕೊಂಡು ನಕ್ಕೆನಾದರೂ, ತಪ್ಪೆಂದು ಗೆರೆ ಎಳೆದ ಮೇಲೆ ಒಬ್ಬ ಹುಡುಗ ನಿಘಂಟನ್ನು ತಂದು ನನ್ನ ಮೇಜಿನ ಮೇಲಿಟ್ಟಾಗ ನಗು ಉಳಿಯಲಿಲ್ಲ. ಅದರಲ್ಲಿ ಮೂರೂ ಪದಗಳ ಮುಂದೆ ‘ಹರಡು, ವಿಸ್ತರಿಸು’ ಎಂದೇ ಇದೆ. ಯಾವುದು ಎಲ್ಲಿ ಸರಿ ಎಂದು ನನಗೆ ಗೊತ್ತು. ಏಕೆ ಸರಿ ಎಂದು ಹೇಳಲು ಬರುವುದಿಲ್ಲ. ‘ಕಿವಿಗೆ ಒಗ್ಗುವುದಿಲ್ಲ’ ಎಂಬ ಉತ್ತರ ಇಂಗ್ಲಿಷನ್ನು ದಿನವೂ ಕೇಳದ ಮಕ್ಕಳಿಗೆ ಏನೂ ಹೇಳಿದಂತಲ್ಲ. ತರಗತಿಯಲ್ಲಿ ಬಳಸಬಹುದಾದ ಒಂದು ಪರೀಕ್ಷೆ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಉಪನ್ಯಾಸಕ, ರಾಯಚೂರು

ಮೇಡಂ ಅವರೇ, ನಿಘಂಟನ್ನು ತಂದಿಟ್ಟ ಹುಡುಗನಿಗೆ ಮೊದಲು ಒಂದು ಅಂಕ ಕೊಡಿ. ತಪ್ಪು ನಿಘಂಟಿನದೇ, ಅರ್ಥ ಹೇಳುವ ಬದಲು ಸಮೀಪದ ಪದವನ್ನು ಕೊಟ್ಟು ಅದು ಕೈ ತೊಳೆದುಕೊಂಡಿದೆ.

ನಾನು ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆ: ವಸ್ತು ಹೊರಟ ಜಾಗದಲ್ಲಿ ಈಗ ಏನು ಉಳಿದಿದೆ? ನಿಮ್ಮ ಐದು ವಾಕ್ಯಗಳಿಗೇ ಇದನ್ನು ಹಚ್ಚಿ ನೋಡೋಣ. ಕಾಲುವೆ ಜಲಾಶಯದ ಬಳಿ ಹೊರಟಿತು, ಅಲ್ಲಿಯೂ ಕಾಲುವೆಯೇ ಇದೆ, ಕೊನೆಯಲ್ಲಿಯೂ ಕಾಲುವೆಯೇ ಇದೆ, ನಡುವೆ ಎಲ್ಲಿಯೂ ಕಡಿದಿಲ್ಲ, ಮುಂದಕ್ಕೆ ಹೋದದ್ದು ಅದರ ತುದಿ ಮಾತ್ರ. ಹೀಗೆ ಬುಡ ಬಿಡದೆ ತುದಿ ದೂರ ಸಾಗಿದ್ದರೆ ಅದು ಎಕ್ಸ್‌ಟೆಂಡ್. ಈ ಪದದ ಮೂಲವಾದ ಲ್ಯಾಟಿನ್ನಿನ ‘ಟೆಂಡೆರೆ’ ಎಂದರೆ ಬಿಗಿಯಾಗಿ ಎಳೆ, ಹಿಡಿದು ಚಾಚು ಎಂದರ್ಥ, ಮತ್ತು ಡೇರೆಗೆ ಇಂಗ್ಲಿಷಿನವರು ಹೇಳುವ ಟೆಂಟ್ ಎಂಬ ಪದವೂ ಅದೇ ಬುಡದಿಂದ ಬಂದದ್ದು. ಹಗ್ಗ ಎಳೆದು ಗೂಟಕ್ಕೆ ಕಟ್ಟಿದ ಡೇರೆಯನ್ನು ನೆನೆದರೆ ಎಕ್ಸ್‌ಟೆಂಡ್‌ನ ಸ್ವಭಾವ ಮರೆಯುವುದಿಲ್ಲ.

ಜಾಲಿಯ ಮಾತು ಬೇರೆ. ಅದು ಹಳೆಯ ಜಾಗದಲ್ಲಿಯೂ ಇದೆ, ಹೊಸ ಜಾಗಕ್ಕೂ ಬಂದಿದೆ, ಆದರೆ ಒಂದು ಗೆರೆಯಾಗಿ ಅಲ್ಲ, ಸಿಕ್ಕ ಸಿಕ್ಕ ಕಡೆಗೆ ನೆಲವನ್ನು ಮುಚ್ಚುತ್ತ ಬಂದಿದೆ. ಇದು ಸ್ಪ್ರೆಡ್. ಕಾಯಿಲೆ, ವದಂತಿ, ಬೆಂಕಿ, ಸವುಳು ಎಲ್ಲವೂ ಇದೇ ಬಗೆಯವು. ನೆಲ್ಲಿನ ವಾಕ್ಯಕ್ಕೂ ಇದೇ ಪದ ಸಲ್ಲುತ್ತದೆ. ರಾಶಿ ತೆಳುವಾಗಿ ಅಗಲವಾಯಿತು, ಹಾಗೆ ಮಾಡಿದವರು ರೈತರು ಎಂಬುದಷ್ಟೇ ಹೆಚ್ಚಿನದು. ನಮ್ಮ ‘ಹರಡು’ ಕೂಡ ಹೀಗೆಯೇ ಎರಡೂ ಕಡೆ ನಡೆಯುತ್ತದೆ: ಸುದ್ದಿ ಹರಡಿತು ಎಂದರೂ ಸರಿ, ಸುದ್ದಿಯನ್ನು ಹರಡಿದರು ಎಂದರೂ ಸರಿ. ಈ ಒಂದು ವಿಷಯದಲ್ಲಿ ಎರಡು ಭಾಷೆಗಳೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ಮಕ್ಕಳಿಗೆ ಅದನ್ನು ಹೇಳಿದರೆ ಧೈರ್ಯ ಬರುತ್ತದೆ. ಜೊತೆಗೆ ಸ್ಪ್ರೆಡ್ ಎಂಬುದು ಭೂತಕಾಲದಲ್ಲಿಯೂ ಸ್ಪ್ರೆಡ್ ಆಗಿಯೇ ಇರುತ್ತದೆ, ‘ಸ್ಪ್ರೆಡೆಡ್’ ಎಂಬ ರೂಪವಿಲ್ಲ ಎಂದೂ ಹೇಳಿಬಿಡಿ.

ಗುಂಪು ಚದುರಿದ ಮೇಲೆ ಅದು ನಿಂತಿದ್ದ ಜಾಗ ಬರಿದಾಯಿತು. ಇದು ಡಿಸ್ಪರ್ಸ್, ಅಥವಾ ಸ್ವಲ್ಪ ಗಾಬರಿ ತೋರಿಸಬೇಕಾದರೆ ಸ್ಕ್ಯಾಟರ್. ಗುಂಪು ‘ಸ್ಪ್ರೆಡ್’ ಆಯಿತು ಎಂದು ಬರೆದರೆ ಜನ ಹೆಚ್ಚಾಗಿ ಬೀದಿ ತುಂಬಿದರು ಎಂಬ ಅರ್ಥವೇ ಬಂದೀತು, ಪೊಲೀಸರು ಲಾಠಿ ಬೀಸಿದ್ದು ವ್ಯರ್ಥವಾದೀತು. ಬಂಡೆಯ ವಾಕ್ಯದಲ್ಲಿ ಬಂಡೆ ಕದಲಿಲ್ಲ, ಬೆಳೆಯಲಿಲ್ಲ, ಅದರೊಳಗಿನದೊಂದು ಎಲ್ಲ ದಿಕ್ಕಿಗೂ ಹೊರಬಂತು. ಇದಕ್ಕೆ ರೇಡಿಯೇಟ್ ಎಂಬ ಪದವಿದೆ. ಚಕ್ರದ ಗುಂಬದಿಂದ ಅರೆಕಾಲುಗಳು ಹೊರಟಂತೆ ಎಂಬ ಚಿತ್ರ ಅದರ ಹಿಂದಿದೆ. ಪಿಯುಸಿಯವರಿಗೆ ‘ಗಿವ್ ಆಫ್’ ಎಂದರೂ ಸಾಕು. ನಮ್ಮ ರಾಯಚೂರಿನಲ್ಲಿ ಮೇ ತಿಂಗಳ ರಾತ್ರಿ ಮಾಳಿಗೆಯ ಮೇಲೆ ಮಲಗಿದವರಿಗೆ ಈ ಪದವನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಎಕ್ಸ್‌ಪ್ಯಾಂಡ್ ನಿಮ್ಮ ಐದರಲ್ಲಿ ಯಾವುದಕ್ಕೂ ಸಲ್ಲದು. ವಸ್ತು ತಾನೇ, ಇಡಿಯಾಗಿ, ಗಾತ್ರದಲ್ಲಿ ದೊಡ್ಡದಾದಾಗ ಮಾತ್ರ ಅದು ಬರುತ್ತದೆ. ಬಿಸಿಲಿಗೆ ರೈಲು ಹಳಿ ಹಿಗ್ಗುತ್ತದೆ, ಊದಿದರೆ ಬಲೂನು ಹಿಗ್ಗುತ್ತದೆ, ವ್ಯಾಪಾರ ಬೆಳೆಯುತ್ತದೆ. ಕನ್ನಡದಲ್ಲಿ ‘ಹಿಗ್ಗು’ ಎಂದು ಹೇಳಿ ನೋಡಿ. ಅದು ಒಪ್ಪಿದ ಕಡೆ ಎಕ್ಸ್‌ಪ್ಯಾಂಡ್ ಸಾಮಾನ್ಯವಾಗಿ ಒಪ್ಪುತ್ತದೆ.

ಇನ್ನೊಂದು ಮಾತು, ಇದು ಪದದ್ದಲ್ಲ, ಕಾಲದ್ದು. ನನ್ನ ಅನುಭವದಲ್ಲಿ ಹೆಚ್ಚು ಅಂಕ ಹೋಗುವುದು ಇಲ್ಲಿಯೇ. ‘ಚಾಚಿಕೊಂಡಿದೆ’ ಎಂಬುದರಲ್ಲಿ ‘ಇದೆ’ ಕಂಡ ಕೂಡಲೇ ಮಕ್ಕಳು ‘ಈಸ್’ ಹಾಕಿ ‘ಇಂಗ್’ ಅಂಟಿಸುತ್ತಾರೆ. ಕನ್ನಡದ ‘ಕೊಂಡಿದೆ’ ಮುಗಿದುಹೋದ ಒಂದು ಸ್ಥಿತಿಯನ್ನು ಹೇಳುತ್ತಿದೆಯೇ ಹೊರತು ನಡೆಯುತ್ತಿರುವ ಕೆಲಸವನ್ನಲ್ಲ. ಇಂಗ್ಲಿಷಿನಲ್ಲಿ ಕಾಲುವೆ ‘ಈಸ್ ಎಕ್ಸ್‌ಟೆಂಡಿಂಗ್’ ಎಂದರೆ ಅದು ಇನ್ನೂ ಉದ್ದವಾಗುತ್ತಲೇ ಇದೆ, ತುದಿಯಲ್ಲಿ ಜೆಸಿಬಿ ಅಗೆಯುತ್ತ ನಿಂತಿದೆ ಎಂದಾಗುತ್ತದೆ. ಬೆಟ್ಟ, ಕಾಲುವೆ, ರಸ್ತೆ, ಗಡಿ ಇವುಗಳ ಹರಹನ್ನು ಹೇಳುವಾಗ ‘ಎಕ್ಸ್‌ಟೆಂಡ್ಸ್’, ‘ಸ್ಟ್ರೆಚಸ್’ ಎಂಬ ಸರಳ ವರ್ತಮಾನವೇ ಬೇಕು. ಜಾಲಿ ಮಾತ್ರ ನಿಜವಾಗಿ ಚಲಿಸಿ ಬಂದದ್ದರಿಂದ ‘ಹ್ಯಾಸ್ ಸ್ಪ್ರೆಡ್’ ಆಗುತ್ತದೆ, ಇನ್ನೂ ಹಬ್ಬುತ್ತಿರುವುದರಿಂದ ‘ಈಸ್ ಸ್ಪ್ರೆಡಿಂಗ್’ ಎಂದರೂ ತಪ್ಪಲ್ಲ. ಅಂದರೆ ಹುಡುಗರು ಕಾಲುವೆಗೆ ಹಾಕಿದ ರೂಪ ಜಾಲಿಗೆ ಸಲ್ಲುತ್ತಿತ್ತು.

ಉತ್ತರ 2: ಕೂರಿಗೆ ಸಾಲು, ಸಿಂಧನೂರು

ಸರ್ ಅವರ ಪರೀಕ್ಷೆ ನನಗೆ ಬಹಳ ಹಿಡಿಸಿತು. ನಾನು ಕೃಷಿ ಪದವಿ ಓದಿ ಈಗ ಊರಿನಲ್ಲಿಯೇ ಒಕ್ಕಲುತನ ಮಾಡುತ್ತಿರುವವನು, ಇಂಗ್ಲಿಷಿನ ವ್ಯಾಕರಣ ನನ್ನ ಕ್ಷೇತ್ರವಲ್ಲ. ಆದರೆ ಬಳ್ಳಾರಿ ಜಾಲಿಯ ಒಂದೇ ಉದಾಹರಣೆಯಲ್ಲಿ ಎರಡು ಕ್ರಿಯಾಪದಗಳನ್ನು ಬೇರ್ಪಡಿಸಿ ತೋರಿಸಬಹುದು ಎನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಮೂಲದ ಆ ಗಿಡ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂತು. ಸಿಹಿಯಾದ ಅದರ ಕಾಯಿಗಳನ್ನು ಆಡು, ಕುರಿ, ದನಗಳು ತಿನ್ನುತ್ತವೆ, ಗಟ್ಟಿ ಬೀಜ ಹೊಟ್ಟೆಯಲ್ಲಿ ಕರಗದೆ ಸಗಣಿ ಹಿಕ್ಕೆಗಳ ಜೊತೆಗೆ ಇನ್ನೊಂದು ಹೊಲದಲ್ಲಿ ಬಿದ್ದು ಮೊಳೆಯುತ್ತದೆ. ಇಲ್ಲಿ ತಾಯಿ ಗಿಡವನ್ನು ಬಿಟ್ಟು ದೂರ ಹೋದದ್ದು ಬೀಜ; ಅದಕ್ಕೆ ನಾವು ಓದಿದ ಪುಸ್ತಕಗಳಲ್ಲಿ ಬರುವುದು ಡಿಸ್ಪರ್ಸ್ ಎಂಬ ಪದ, ಕನ್ನಡದಲ್ಲಿ ಬೀಜ ಪ್ರಸರಣ. ಬೀಜ ಹೀಗೆ ಚದುರಿದ್ದರಿಂದ ಆದ ಪರಿಣಾಮವೇ ಗಿಡದ ಹಬ್ಬುವಿಕೆ, ಅಂದರೆ ಸ್ಪ್ರೆಡ್. ಬೀಜ ‘ಸ್ಪ್ರೆಡ್’ ಆಗುತ್ತದೆ ಎಂದರೆ ಯಾರೂ ಜಗಳವಾಡುವುದಿಲ್ಲ, ಆದರೆ ಗಿಡ ‘ಡಿಸ್ಪರ್ಸ್’ ಆಯಿತು ಎಂದರೆ ಜಾಲಿ ತಾನೇ ಬೇರು ಕಿತ್ತುಕೊಂಡು ಊರೂರು ತಿರುಗಿದಂತಾಗುತ್ತದೆ.

ಬಿತ್ತನೆಯ ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುವುದು ಒಂದು ಕ್ರಮವಾದರೆ, ಮುಷ್ಟಿ ತುಂಬ ಬೀಜ ಹಿಡಿದು ಗದ್ದೆಯಗಲ ಚೆಲ್ಲುವುದು ಇನ್ನೊಂದು ಕ್ರಮ, ಮತ್ತು ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಬ್ರಾಡ್‌ಕಾಸ್ಟ್ ಎನ್ನುತ್ತಾರೆ. ರೇಡಿಯೋ ಬಂದ ಮೇಲೆ ಅವರು ಒಕ್ಕಲಿಗನ ಪದವನ್ನೇ ಆಕಾಶಕ್ಕೆ ಏರಿಸಿದರು. ಕನ್ನಡದಲ್ಲಿಯೂ ‘ಸುದ್ದಿ ಬಿತ್ತರಿಸು’ ಎನ್ನುತ್ತೇವಲ್ಲ, ಅದು ‘ಬಿತ್ತು’ ಎಂಬುದರಿಂದಲೇ ಬಂದಿರಬೇಕೆಂದು ನಾನು ಬಹಳ ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಹೌದೋ ಅಲ್ಲವೋ ಬಲ್ಲವರು ಹೇಳಬೇಕು.

ಎಕ್ಸ್‌ಟೆಂಡ್ ಬಗ್ಗೆ ಒಂದು ಮಾತು. ನಮ್ಮ ಓದಿನಲ್ಲಿ ಎಕ್ಸ್‌ಟೆನ್ಷನ್ ಎಂಬ ಒಂದು ವಿಷಯವೇ ಇತ್ತು, ಅದೇ ಕೃಷಿ ವಿಸ್ತರಣೆ. ಇಂಗ್ಲೆಂಡಿನಲ್ಲಿ 1873ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ತನ್ನ ಗೋಡೆಯ ಹೊರಗಿನ ಊರುಗಳಿಗೆ ಉಪನ್ಯಾಸಕರನ್ನು ಕಳಿಸಲು ಆರಂಭಿಸಿದಾಗ ಬಳಕೆಗೆ ಬಂದ ಹೆಸರು ಅದು ಎಂದು ನಮಗೆ ಕಲಿಸಿದ್ದರು. ವಿದ್ಯೆ ವಿಶ್ವವಿದ್ಯಾಲಯದಲ್ಲಿ ಕಡಿಮೆಯಾಗಲಿಲ್ಲ, ಅಲ್ಲಿಂದ ಕಡಿದುಕೊಂಡು ಬರಲೂ ಇಲ್ಲ, ಅದರ ಕೈ ಹೊಲದವರೆಗೆ ಚಾಚಿತು. ಸರ್ ಅವರ ಡೇರೆಯ ಹಗ್ಗಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಉತ್ತರ 3: ಪಲ್ಕಿಗುಂಡು, ಕೊಪ್ಪಳ

ಹಿರಿಯರ ಪರೀಕ್ಷೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ, ಮಿಕ್ಕ ಅರ್ಧಕ್ಕೆ ನನ್ನ ತಕರಾರಿದೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಅಶೋಕನ ಶಾಸನಗಳಿವೆ: ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇದ್ದುದರಿಂದ ಆ ಬಿರುದು ಯಾರದು ಎಂಬ ಪ್ರಶ್ನೆ ತೀರಿತು. ಈಗ ‘ಅಶೋಕನ ಶಾಸನಗಳು ಈ ಭಾಗದಲ್ಲಿ ಅಲ್ಲಲ್ಲಿ ಹರಡಿವೆ’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತನ್ನಿ. ‘ಆರ್ ಸ್ಕ್ಯಾಟರ್ಡ್’ ಎಂದು ಬರೆಯುವುದು ಸಹಜ. ಆದರೆ ಈ ಶಾಸನಗಳು ಒಂದು ಕಡೆ ರಾಶಿಯಾಗಿದ್ದು ಅಲ್ಲಿಂದ ಚದುರಿದವೇನು? ಹೊರಟ ಜಾಗವೇ ಇಲ್ಲದಿರುವಾಗ ಅಲ್ಲಿ ಏನು ಉಳಿದಿದೆ ಎಂದು ಕೇಳುವುದು ಹೇಗೆ? ಆದ್ದರಿಂದ ನಿಮ್ಮ ಪರೀಕ್ಷೆ ನಡೆದ ಘಟನೆಗೆ ಒಪ್ಪುತ್ತದೆ, ಇರುವ ವಿನ್ಯಾಸಕ್ಕೆ ಒಪ್ಪುವುದಿಲ್ಲ. ವಿನ್ಯಾಸವನ್ನು ಹೇಳುವಾಗ ಇಂಗ್ಲಿಷ್ ಭಾಷೆ ಘಟನೆಯ ಪದವನ್ನೇ ಎರವಲು ತಂದುಕೊಂಡು, ಒಂದು ಕಾಲದಲ್ಲಿ ಯಾರೋ ಚೆಲ್ಲಿದ್ದರೋ ಎಂಬಂತೆ ಮಾತನಾಡುತ್ತದೆ.

ಎರಡನೆಯದಾಗಿ, ಅಶೋಕನ ರಾಜ್ಯ ಇಲ್ಲಿಯವರೆಗೆ ‘ಎಕ್ಸ್‌ಟೆಂಡ್’ ಆಗಿತ್ತು ಎನ್ನಬಹುದು, ಕಳಿಂಗದ ಯುದ್ಧದಿಂದ ಅದು ‘ಎಕ್ಸ್‌ಪ್ಯಾಂಡ್’ ಆಯಿತು ಎನ್ನಬಹುದು, ಅವನ ಧಮ್ಮ ‘ಸ್ಪ್ರೆಡ್’ ಆಯಿತು ಎನ್ನಬಹುದು. ಮೊದಲೆರಡು ವಾಕ್ಯಗಳಲ್ಲಿ ವಸ್ತು ಒಂದೇ, ರಾಜ್ಯ. ಗಡಿ ಎಲ್ಲಿ ಮುಟ್ಟಿತು ಎಂದು ನೋಡಿದರೆ ಒಂದು ಪದ, ಒಟ್ಟು ಎಷ್ಟು ದೊಡ್ಡದಾಯಿತು ಎಂದು ನೋಡಿದರೆ ಇನ್ನೊಂದು ಪದ. ಹೀಗಿರುವಾಗ ಯಾವ ವಸ್ತುವಿಗೆ ಯಾವ ಪದ ಎಂದು ಮಕ್ಕಳಿಗೆ ಪಟ್ಟಿ ಬರೆಸಿದರೆ ಮುಂದಿನ ಪರೀಕ್ಷೆಯಲ್ಲಿಯೇ ಅದು ಕೈ ಕೊಡುತ್ತದೆ. ಕ್ರಿಯಾಪದದ ಬೆನ್ನಿಗೆ ಬರುವ ಚಿಕ್ಕ ಪದವನ್ನು ನೋಡಲು ಕಲಿಸಿದರೆ ಹೆಚ್ಚು ಉಪಯೋಗವಿದೆ. ‘ಟು’, ‘ಆ್ಯಸ್ ಫಾರ್ ಆ್ಯಸ್’ ಬೇಕೆನ್ನಿಸಿದರೆ ಎಕ್ಸ್‌ಟೆಂಡ್ ಹತ್ತಿರವಿದೆ. ‘ಓವರ್’, ‘ಅಕ್ರಾಸ್’, ‘ಥ್ರೂ’ ಬೇಕೆನ್ನಿಸಿದರೆ ಸ್ಪ್ರೆಡ್ ಹತ್ತಿರವಿದೆ. ಕನ್ನಡದಲ್ಲಿಯೂ ಮೊದಲನೆಯದಕ್ಕೆ ‘ವರೆಗೆ’ ಬರುತ್ತದೆ, ಎರಡನೆಯದಕ್ಕೆ ‘ತುಂಬ’, ‘ಎಲ್ಲ’, ‘ಮೇಲೆ’ ಬರುತ್ತವೆ.

‘ವರೆಗೆ’ ಎಂದಾಗ ಇನ್ನೊಂದು ನೆನಪಾಯಿತು. ನಮ್ಮ ಕೊಪಣನಗರವನ್ನು ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಿದ 9ನೆಯ ಶತಮಾನದ ಕವಿರಾಜಮಾರ್ಗ, ಕಾವೇರಿಯಿಂದ ಗೋದಾವರಿಯವರೆಗೆ ‘ಇರ್ದ’ ನಾಡು ಎಂದು ಕನ್ನಡನಾಡನ್ನು ಹೇಳುತ್ತದೆ. ಚಾಚಿದ ಎನ್ನಲಿಲ್ಲ, ಹಬ್ಬಿದ ಎನ್ನಲಿಲ್ಲ, ಬರಿಯ ‘ಇರ್ದ’. ಇಂಗ್ಲಿಷಿಗೆ ತರುವಾಗ ಎಕ್ಸ್‌ಟೆಂಡ್ ಇಲ್ಲವೇ ಸ್ಟ್ರೆಚ್ ಇಲ್ಲದೆ ಕೈ ಓಡುವುದಿಲ್ಲ. ‘ಇಂದ’, ‘ವರೆಗೆ’ ಎರಡೂ ಇದ್ದರೆ ಕನ್ನಡಕ್ಕೆ ‘ಇರು’ ಒಂದೇ ಸಾಕು, ಆದ್ದರಿಂದ ‘ಕಾಲುವೆ ರಾಯಚೂರಿನವರೆಗೂ ಇದೆ’ ಎಂಬ ವಾಕ್ಯದಲ್ಲಿಯೂ ಎಕ್ಸ್‌ಟೆಂಡ್ ಅಡಗಿದೆ ಎಂದು ಮಕ್ಕಳಿಗೆ ತೋರಿಸಬೇಕು.

ಸಿಂಧನೂರಿನ ಅಣ್ಣನವರಿಗೆ: ‘ಬಿತ್ತರ’ ಎಂಬುದು ಸಂಸ್ಕೃತದ ‘ವಿಸ್ತರ’ ಪದದ ತದ್ಭವ, ‘ಬಿತ್ತು’ವಿಗೂ ಅದಕ್ಕೂ ನಂಟಿಲ್ಲ, ಕ್ಷಮಿಸಿ. ಸಮಾಧಾನಕ್ಕೆ ಒಂದು ಸಂಗತಿ ಹೇಳುತ್ತೇನೆ. ‘ವಿಸ್ತರ’ದಲ್ಲಿರುವ ‘ಸ್ತೃ’ ಧಾತುವಿಗೂ ಇಂಗ್ಲಿಷಿನ ಸ್ಟ್ರೂ ಎಂಬ ಕ್ರಿಯಾಪದಕ್ಕೂ ಮೂಲ ಒಂದೇ, ಮತ್ತು ಆ ಸ್ಟ್ರೂ ಎಂದರೆ ಹೂವನ್ನೋ ಹುಲ್ಲನ್ನೋ ನೆಲದ ಮೇಲೆ ಚೆಲ್ಲಿ ಹರಡುವುದು. ಕಲ್ಲು ಹಾಸಿದ ದಾರಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಸ್ಟ್ರೀಟ್ ಕೂಡ ಅದೇ ಬಳಗದ್ದು. ಹಾಗಾಗಿ ನೀವು ಹೆಮ್ಮೆಪಟ್ಟದ್ದು ಪೂರ್ತಿ ವ್ಯರ್ಥವಾಗಲಿಲ್ಲ, ನಂಟು ಬೇರೆ ಮನೆಯಲ್ಲಿ ಸಿಕ್ಕಿತು.

ಗಂಗಾವತಿ ಇಂಗ್ಲಿಷ್ ಮೇಡಂ ಮತ್ತೆ ಬರೆದದ್ದು

ಮೂವರಿಗೂ ಕೃತಜ್ಞತೆಗಳು. ಹಿರಿಯರ ಪ್ರಶ್ನೆಯನ್ನು ಘಟನೆಗೂ ಕೊಪ್ಪಳದವರ ಚಿಕ್ಕ ಪದದ ಸೂಚನೆಯನ್ನು ವಿನ್ಯಾಸಕ್ಕೂ ಇಟ್ಟುಕೊಳ್ಳುತ್ತೇನೆ. ಉಳಿದಿರುವ ಸಂದೇಹ ಎರಡು. ಅರ್ಜಿಯ ದಿನಾಂಕವನ್ನು ‘ಎಕ್ಸ್‌ಟೆಂಡ್’ ಮಾಡುತ್ತಾರೆ, ಆಹ್ವಾನವನ್ನೂ ‘ಎಕ್ಸ್‌ಟೆಂಡ್’ ಮಾಡುತ್ತಾರೆ, ಇವೆರಡೂ ಹೇಗೆ ಒಂದೇ ಪದವಾದವು? ಇನ್ನು, ಬಳ್ಳಾರಿ ನಗರ ಕೋಟೆ ಗುಡ್ಡದ ಸುತ್ತ ಬೆಳೆದ ರೀತಿಗೆ ಒಬ್ಬಳು ‘ಸ್ಪ್ರಾಲ್’ ಎಂದು ಬರೆದಿದ್ದಾಳೆ, ಅದು ಸರಿಯೇ?

ನಿವೃತ್ತ ಉಪನ್ಯಾಸಕ, ರಾಯಚೂರು

ಕೊಪ್ಪಳದವರ ತಿದ್ದುಪಡಿ ನ್ಯಾಯವಾದದ್ದು, ಒಪ್ಪಿಕೊಂಡೆ.

ದಿನಾಂಕದ ಮಾತಿನಲ್ಲಿ ಕಾಲವೇ ಹಗ್ಗ, ತುದಿಯನ್ನು ಇನ್ನೊಂದು ಗೂಟಕ್ಕೆ ಎಳೆದು ಕಟ್ಟುತ್ತಾರೆ. ಆಹ್ವಾನದಲ್ಲಿ ಚಾಚುವುದು ಕೈ. ಕೈಯಲ್ಲಿ ಲಗ್ನಪತ್ರಿಕೆ ಇದೆ ಎಂದುಕೊಳ್ಳಿ. ಭುಜ ಬಿಡದೆ ಬೆರಳು ದೂರ ಹೋಗುವುದರಿಂದ ಎರಡೂ ಹೊಂದುತ್ತವೆ.

ಸ್ಪ್ರಾಲ್ ಬರೆದ ಹುಡುಗಿಗೆ ಪೂರ್ಣ ಅಂಕ ಕೊಡಿ, ಆದರೆ ಅವಳು ಹೊಗಳಿದ್ದಳೋ ತೆಗಳಿದ್ದಳೋ ಎಂದು ಕೇಳಿ ನೋಡಿ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಕೈಕಾಲು ಬಡಿದು ಒದ್ದಾಡುವುದು ಎಂಬ ಅರ್ಥವಿತ್ತು, ಆಮೇಲೆ ಕೈಕಾಲು ಚೆಲ್ಲಿ ಬಿದ್ದುಕೊಳ್ಳುವುದು ಎಂದಾಯಿತು, ಊರಿಗೆ ಹೇಳಿದಾಗ ಲೆಕ್ಕವಿಲ್ಲದೆ ಅಡ್ಡಾದಿಡ್ಡಿ ಬೆಳೆದದ್ದು ಎಂದರ್ಥ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳು ‘ಸ್ಪ್ರಾಲಿಂಗ್ ಕ್ಯಾಂಪಸ್’ ಎಂದು ಕಾಲೇಜುಗಳನ್ನು ಹೊಗಳುವುದು ರೂಢಿಯಾಗಿಬಿಟ್ಟಿದೆ, ನನಗಂತೂ ಅದನ್ನು ಓದಿದಾಗಲೆಲ್ಲ ಕಟ್ಟಡಗಳು ಊಟ ಮಾಡಿ ಅಂಗಾತ ಬಿದ್ದಿರುವಂತೆ ಕಾಣುತ್ತದೆ. ಅಗಲವಾಗಿದೆ ಎಂಬ ಮೆಚ್ಚುಗೆಗೆ ‘ಸ್ಪೇಷಸ್’ ಇದೆ.

ಗಂಗಾವತಿ ಇಂಗ್ಲಿಷ್ ಮೇಡಂ

ಇಂದು ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ನೆಲ್ಲಿನ ವಾಕ್ಯವನ್ನು ಎಲ್ಲರೂ ತಾವಾಗಿಯೇ ತಿದ್ದಿಕೊಂಡರು. ಬಂಡೆಗೆ ‘ಸ್ಪ್ರೆಡ್ ಹೀಟ್’ ಎಂದವರಿಗೆ ಅರ್ಧ ಅಂಕ ಉಳಿಸಿದ್ದೇನೆ. ಕಾಲುವೆಯ ವಾಕ್ಯಕ್ಕೆ ಬಂದಾಗ, ಕಾಲುವೆಯ ಕೊನೆಯ ಭಾಗದ ಒಂದು ಹಳ್ಳಿಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವ ಹುಡುಗನೊಬ್ಬ ಎದ್ದು ನಿಂತು, ‘ಮಿಸ್, ಕಾಲುವೆ ನಮ್ಮೂರ ತನಕ ಎಕ್ಸ್‌ಟೆಂಡ್ ಆಗೇತ್ರಿ, ನೀರು ಎಕ್ಸ್‌ಟೆಂಡ್ ಆಗಿಲ್ರಿ’ ಎಂದ. ತರಗತಿ ನಕ್ಕಿತು. ನೀರಿಗೆ ಆ ಪದ ಸಲ್ಲದು ಎಂದು ನನಗನ್ನಿಸಿತು, ಆದರೆ ಅವನ ಮಾತಿನ ಜೋಡಿಯನ್ನು ಕೆಡಿಸಲು ಮನಸ್ಸಾಗಲಿಲ್ಲ. ಏನು ಹೇಳಬೇಕಿತ್ತು?

ನಿವೃತ್ತ ಉಪನ್ಯಾಸಕ, ರಾಯಚೂರು

ನೀರಿಗೆ ‘ರೀಚ್’ ಎನ್ನಬೇಕು. ಎಕ್ಸ್‌ಟೆಂಡ್ ನಕ್ಷೆಯಲ್ಲಿ ಗೆರೆ ಎಲ್ಲಿಯವರೆಗಿದೆ ಎಂದು ಹೇಳುತ್ತದೆ, ರೀಚ್ ಗೆರೆಯ ತುದಿಯಲ್ಲಿ ನಿಂತವನ ಕೈಗೆ ಏನು ಬಂತು ಎಂದು ಹೇಳುತ್ತದೆ. ಒಂದೇ ವಾಕ್ಯದಲ್ಲಿ ಎರಡನ್ನೂ ಇಟ್ಟು, ಮೊದಲನೆಯದಕ್ಕೆ ‘ಎಕ್ಸ್‌ಟೆಂಡ್ಸ್’, ಎರಡನೆಯದಕ್ಕೆ ‘ಡಸ್ ನಾಟ್ ರೀಚ್’ ಎಂದು ಆ ಹುಡುಗನ ಕೈಯಲ್ಲಿಯೇ ಹಲಗೆಯ ಮೇಲೆ ಬರೆಸಿ.